ಮಗಳ ಹೆಸರು ಇಳಾ. ಇಂಗ್ಲಿಷಿನಲ್ಲಿ ಹೇಗೆ ಬರೆಯೋದು?

ಹೊಸ ಅಮ್ಮ, ಮೈಸೂರು
ಎಲ್ಲರಿಗೂ ನಮಸ್ಕಾರ. ನನಗೆ ಹೆಣ್ಣು ಮಗು ಹುಟ್ಟಿ ಇವತ್ತಿಗೆ ಹದಿಮೂರು ದಿನ. ಕೃತ್ತಿಕಾ ನಕ್ಷತ್ರ, ಎರಡನೇ ಪಾದ, ‘ಇ’ ಅಕ್ಷರ ಬಂದಿದೆ. ಹೆಣ್ಣಾದರೆ ಇಳಾ ಅಂತ ಇಡೋಣ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಇಳೆ ಅಂದರೆ ಭೂಮಿ. ಅಕ್ಷರವೂ ಕೂಡಿಬಂದಿದ್ದು ನೋಡಿ ಅತ್ತೆಗೆ ಬಹಳ ಸಂತೋಷ ಆಯಿತು. ಬರೋ ಭಾನುವಾರ ನಾಮಕರಣ.

ಹೆಸರಿಗೆ ಮನೆಯಲ್ಲಿ ಯಾರ ತಕರಾರೂ ಇಲ್ಲ. ತಕರಾರು ಇರೋದು ಇಂಗ್ಲಿಷ್ ಸ್ಪೆಲಿಂಗಿಗೆ. ನಮ್ಮ ಭಾವ ಯಾರೋ ಸಂಖ್ಯಾಶಾಸ್ತ್ರದವರ ಹತ್ತಿರ ಕೇಳಿಕೊಂಡು ಬಂದಿದ್ದಾರೆ. ಸುಮ್ನೆ ಐ, ಎಲ್, ಎ ಅಂತ ಬರೆದರೆ ಮಗುವಿಗೆ ಆಗಿಬರಲ್ಲವಂತೆ. ಡಬಲ್ ಇ, ಒಂದು ಎಲ್, ಡಬಲ್ ಎ ಹಾಕಬೇಕಂತೆ. ನನ್ನ ತಮ್ಮ ಹೇಳೋದೇ ಬೇರೆ. ‘ಳ’ ಬರಬೇಕಾದರೆ ಡಬಲ್ ಎಲ್ ಹಾಕು ಅಂತಾನೆ. ಹಾಗೆ ಬರೆದು ಓದಿದರೆ ‘ಇಲ್ಲ’ ಅಂತ ಆಗುತ್ತೆ. ಮಗಳನ್ನು ಯಾರಾದರೂ ‘ಇಲ್ಲ’ ಅಂತ ಕರೆದರೆ ನನಗೆ ತಡೆಯೋಕೆ ಆಗಲ್ಲ.

ಆಸ್ಪತ್ರೆಯಲ್ಲಿ ಫಾರಂ ಕೊಟ್ಟಿದ್ದಾರೆ, 21 ದಿನದೊಳಗೆ ಕೊಡಿ ಅಂದಿದ್ದಾರೆ. ಭಾವನ ಮಾತು ಮೀರೋಕೂ ಮನಸ್ಸಿಲ್ಲ, ಒಪ್ಪೋಕೂ ಮನಸ್ಸಿಲ್ಲ. ಮಕ್ಕಳ ಸ್ಪೆಲಿಂಗ್ ಬದಲಾಯಿಸಿ ಇಟ್ಟವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಸೈಬರ್ ಸೆಂಟರ್, ಅರಸೀಕೆರೆ
ಅಕ್ಕ, ಮೊದಲು ಗಡಿಬಿಡಿ ಬಿಡಿ. 21 ದಿನದೊಳಗೆ ಆಗಬೇಕಾದದ್ದು ಮಗು ಹುಟ್ಟಿದ್ದರ ನೋಂದಣಿ, ಹೆಸರಿನದ್ದಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಾಯಿಸಬಹುದು. ನೋಂದಣಿ ಆದಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಖಾಲಿ ಜಾಗಕ್ಕೆ ಹೆಸರು ಸೇರಿಸೋದು ಸುಲಭ. ಒಮ್ಮೆ ಬರೆಸಿದ್ದನ್ನು ತಿದ್ದಿಸೋಕೆ ಓಡಾಟ ಜಾಸ್ತಿ.

ಈಗ ಈ ಕಾಗದಕ್ಕೆ ಮೊದಲಿಗಿಂತ ತೂಕವೂ ಜಾಸ್ತಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಹುಟ್ಟಿದ ಜಾಗಕ್ಕೆ ಜನನ ಪ್ರಮಾಣ ಪತ್ರವೇ ಆಧಾರ. ಶಾಲೆಗೆ ಸೇರಿಸೋದು, ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಎಲ್ಲಕ್ಕೂ ಅದೇ ಕೇಳುತ್ತಾರೆ. ಅದರಲ್ಲಿರೋ ಸ್ಪೆಲಿಂಗೇ ಮುಂದೆ ಎಲ್ಲ ಕಡೆ ಹೋಗುತ್ತೆ. ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಇಡೀ ಜೀವಮಾನದಲ್ಲಿ ಎರಡೇ ಸಲ ಅವಕಾಶ.

ನಮ್ಮ ಸೆಂಟರ್‌ಗೆ ದಿನಾ ನಾಲ್ಕೈದು ಜನ ಇದೇ ಕೆಲಸಕ್ಕೆ ಬರುತ್ತಾರೆ. ಪಹಣಿಯಲ್ಲಿ ಒಂದು, ರೇಷನ್ ಕಾರ್ಡಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಗೃಹಲಕ್ಷ್ಮಿ ಅರ್ಜಿ ಹಾಕೋ ಸಮಯದಲ್ಲಿ ಒಬ್ಬ ಅಜ್ಜಿ ಮೂರು ಸಲ ಬಂದರು. ಹೆಸರು ಲಕ್ಷ್ಮಮ್ಮ. ಅವರ ಮೂರು ದಾಖಲೆಯಲ್ಲಿ ಆ ಹೆಸರಿಗೆ ಮೂರು ಸ್ಪೆಲಿಂಗ್. ಅವರು ಬೇಕೂಂತ ಬರೆಸಿದ್ದಲ್ಲ. ಅಷ್ಟು ಸಾಮಾನ್ಯ ಹೆಸರಿಗೇ ಹೀಗಾದರೆ, ನಾವೇ ಕೈಯಾರೆ ಕಷ್ಟದ ಸ್ಪೆಲಿಂಗ್ ಇಟ್ಟರೆ ಹೇಗೆ?

ಎರಡು ವೈ, ಬೆಂಗಳೂರು
ನಾನು ಆ ಮಗುವಿನ ಜಾಗದಲ್ಲಿ ನಿಂತು ಹೇಳುತ್ತೇನೆ. ನನ್ನ ಹೆಸರು ದಿವ್ಯ. ಕನ್ನಡದಲ್ಲಿ ಎರಡಕ್ಷರ, ಒಂದು ಒತ್ತು. ಇಂಗ್ಲಿಷಿನಲ್ಲಿ ಡಿ, ಎಚ್, ಐ, ವಿ, ವೈ, ವೈ, ಎ. ನನಗೆ ಎಂಟು ವರ್ಷ ಇದ್ದಾಗ ಅಪ್ಪ ಸಂಖ್ಯೆ ನೋಡಿಸಿ ಎಚ್ಚೂ ಇನ್ನೊಂದು ವೈಯೂ ಸೇರಿಸಿದರು. ಆದರೆ ಶಾಲೆಯ ದಾಖಲೆಯಲ್ಲಿ ಹಳೆಯದೇ ಉಳಿದಿತ್ತು. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ವೈ, ಆಧಾರ್‌ನಲ್ಲಿ ಎರಡು ವೈ.

ಓದು ಮುಗಿದು ಮೊದಲ ಕೆಲಸ ಸಿಕ್ಕಾಗ ದಾಖಲೆ ಪರಿಶೀಲನೆಗೆ ಕರೆದರು. ಎದುರಿಗೆ ಕೂತಿದ್ದವರು ಅಂಕಪಟ್ಟಿ ಒಂದು ಕೈಯಲ್ಲಿ, ಆಧಾರ್ ಇನ್ನೊಂದು ಕೈಯಲ್ಲಿ ಹಿಡಿದು, ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರು. ಎರಡನೇ ಅಕ್ಷರಕ್ಕೇ ಪೆನ್ನು ನಿಂತಿತು. ‘ಇವರಿಬ್ಬರೂ ನೀವೇನಾ?’ ಅಂತ ಕೇಳಿದರು. ಅವರು ತಮ್ಮ ಕೆಲಸ ಮಾಡಿದರು, ತಪ್ಪಿಲ್ಲ. ಆದರೆ ನಾನು ನಾನೇ ಅಂತ ಅಫಿಡವಿಟ್ ಮಾಡಿಸಿ, ಪೇಪರಲ್ಲಿ ಜಾಹೀರಾತು ಕೊಟ್ಟು, ಆಧಾರ್ ಸರಿಮಾಡಿಸೋ ಹೊತ್ತಿಗೆ ಎರಡು ತಿಂಗಳಾಯಿತು. ನನ್ನ ಜೊತೆ ಆಯ್ಕೆಯಾದವರು ಅಷ್ಟರಲ್ಲಿ ಎರಡು ಸಂಬಳ ತಗೊಂಡಿದ್ದರು.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರು ಪ್ರೀತಿಯಿಂದಲೇ ಮಾಡಿದ್ದು. ಆದರೆ ನಿಮ್ಮ ಮಗಳು ಆ ಕುರ್ಚಿಯಲ್ಲಿ ಕೂರೋದು ಬೇಡ ಅಕ್ಕ.

ಹಾಸನದ ಅಪ್ಪ
ದಿವ್ಯ ಅವರಿಗೆ ತೊಂದರೆ ಆಗಿದ್ದು ಎರಡು ಕಡೆ ಎರಡು ಥರ ಬರೆಸಿದ್ದರಿಂದ. ಸ್ಪೆಲಿಂಗ್ ಬೇರೆ ಇದ್ದಿದ್ದರಿಂದ ಅಲ್ಲ. ಹುಟ್ಟಿದಾಗಿನಿಂದ ಒಂದೇ ಥರ ಇದ್ದಿದ್ದರೆ ಆ ಪೆನ್ನು ನಿಲ್ಲುತ್ತಿರಲಿಲ್ಲ, ಅಲ್ವಾ?

ನನ್ನ ವಿಷಯವನ್ನೂ ಕೇಳಿ. ನಮ್ಮ ಮಗ ಏಳು ತಿಂಗಳಿಗೇ ಹುಟ್ಟಿದ. 1 ಕಿಲೊ 300 ಗ್ರಾಂ ಇದ್ದ. 41 ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ನನ್ನ ಹೆಂಡತಿ ಆ ಗಾಜಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇರುತ್ತಿದ್ದಳು. ಡಾಕ್ಟರು ಮಾಡೋದನ್ನೆಲ್ಲ ಮಾಡುತ್ತಿದ್ದರು. ನಾವು ಮಾಡೋಕೆ ಏನೂ ಇರಲಿಲ್ಲ. ಆಗ ಯಾರೋ ಹೆಸರಿನಲ್ಲಿ ಒಂದು ಎ ಜಾಸ್ತಿ ಹಾಕಿ ಅಂದರು. ಹಾಕಿದೆವು. ಅವತ್ತು ರಾತ್ರಿ ಅವಳು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದಳು. ಆ ಒಂದು ಎ ನನ್ನ ಮಗನನ್ನು ಉಳಿಸಿತು ಅಂತ ನಾನು ವಾದ ಮಾಡಲ್ಲ. ಆದರೆ ಅದನ್ನು ತೆಗೆಯೋ ಧೈರ್ಯ ನನಗಿಲ್ಲ. ಅವನಿಗೀಗ ಆರು ವರ್ಷ. ಎಲ್ಲ ದಾಖಲೆಯಲ್ಲೂ ಒಂದೇ ಥರ ಇದೆ, ಇವತ್ತಿನವರೆಗೆ ತೊಂದರೆ ಆಗಿಲ್ಲ. ತಂಗಿ, ನಿಮ್ಮ ಭಾವನ ಮಾತಿನ ಹಿಂದೆಯೂ ಪ್ರೀತಿಯೇ ಇರುತ್ತೆ.

ಲೆಕ್ಕದ ಮೇಷ್ಟ್ರು, ತುಮಕೂರು
ಹಾಸನದವರೇ, ಮಗ ಚೆನ್ನಾಗಿರಲಿ. ನಿಮ್ಮ ನೋವಿಗೆ ಎದುರು ಮಾತಾಡುವುದಿಲ್ಲ. ಆದರೆ ಈ ತಾಯಿ ಲೆಕ್ಕ ಕೇಳಿ ಹೆದರಿದ್ದಾರೆ. ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಹೆದರಿಕೆ ಕಮ್ಮಿಯಾಗುತ್ತದೆ.

ಇಂಗ್ಲಿಷ್ ಅಕ್ಷರಕ್ಕೆ ಸಂಖ್ಯೆ ಕೊಡುವ ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ಒಂದನ್ನು ಕಾಲ್ಡಿಯನ್ ಅಂತಾರೆ. ಅದರಲ್ಲಿ ಅಕ್ಷರಗಳಿಗೆ 1ರಿಂದ 8ರವರೆಗೆ ಮಾತ್ರ ಬೆಲೆ. ಐಗೆ 1, ಎಲ್‌ಗೆ 3, ಎಗೆ 1. ಒಟ್ಟು 5. ಇನ್ನೊಂದನ್ನು ಪೈಥಾಗರಸ್ ಹೆಸರಿನಲ್ಲಿ ಕರೆಯುತ್ತಾರೆ. ಅದರಲ್ಲಿ ಎಯಿಂದ ಸಾಲಾಗಿ 1ರಿಂದ 9. ಆಗ ಐಗೆ 9, ಎಲ್‌ಗೆ 3, ಎಗೆ 1. ಒಟ್ಟು 13, ಕೂಡಿಸಿದರೆ 4. ಅದೇ ಮಗು, ಅದೇ ಮೂರು ಅಕ್ಷರ. ಒಬ್ಬರ ಹತ್ತಿರ ಹೋದರೆ 5, ಪಕ್ಕದವರ ಹತ್ತಿರ ಹೋದರೆ 4. ನಿಮ್ಮ ಭಾವ ತಂದ ಸ್ಪೆಲಿಂಗ್ ಎರಡರಲ್ಲೂ 15, ಅಂದರೆ 6 ಬರುತ್ತದೆ. ಕೊನೆಯ ಒಂದು ಎ ತೆಗೆದುಬಿಟ್ಟರೆ 14, ಅಂದರೆ ಮತ್ತೆ 5. ಮೊದಲು ಐ, ಎಲ್, ಎಗೆ ಬಂದದ್ದೂ ಅದೇ 5 ತಾನೇ?

ಇದು ನಮ್ಮ ಹಿರಿಯರ ಶಾಸ್ತ್ರವೂ ಅಲ್ಲ. ನಮ್ಮಲ್ಲಿ ಅಕ್ಷರಕ್ಕೆ ಸಂಖ್ಯೆ ಕೊಡುವ ಪದ್ಧತಿ ಇತ್ತು, ಅದು ಕಟಪಯಾದಿ. ಸಂಗೀತ ಕಲಿತವರಿಗೆ ಗೊತ್ತಿರುತ್ತದೆ. ಮಾಯಾಮಾಳವಗೌಳ ರಾಗ ಅಂದರೆ ಮ 5, ಯ 1. ತಿರುಗಿಸಿ ಓದಿದರೆ 15, ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಅದೇ. ಮೇಚಕಲ್ಯಾಣಿ 65. ಅದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವ ದಾರಿ. ಅದರಲ್ಲಿ ಸ್ವರಕ್ಕೆ ಸೊನ್ನೆ, ಲಕ್ಕೆ 3, ಳಕ್ಕೆ 9. ಆ ಲೆಕ್ಕಕ್ಕೆ ಇಲಾ ಬೇರೆ, ಇಳಾ ಬೇರೆ. ನಮ್ಮ ಕಿವಿಗೂ ಬೇರೆಯೇ. ಇಂಗ್ಲಿಷಿನ ಲೆಕ್ಕಕ್ಕೆ ಮಾತ್ರ ಎರಡೂ ಒಂದೇ.

ಜೋಯಿಸರ ಮನೆಯವನು, ಹೊನ್ನಾವರ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಕ್ಷತ್ರದ ಅಕ್ಷರ ನೋಡುವುದು ಉಚ್ಚಾರಕ್ಕೆ. ಕೃತ್ತಿಕೆಯ ನಾಲ್ಕು ಪಾದಕ್ಕೆ ಅ, ಇ, ಉ, ಎ. ನಿಮ್ಮದು ಎರಡನೆಯದು, ಬಾಯಲ್ಲಿ ‘ಇ’ ಅಂತ ಶುರುವಾದರೆ ಮುಗಿಯಿತು. ಇಂಗ್ಲಿಷಿನಲ್ಲಿ ಯಾವ ಅಕ್ಷರದಿಂದ ಬರೆದರೂ ಅದಕ್ಕೆ ಸಂಬಂಧ ಇಲ್ಲ. ನಮ್ಮಪ್ಪ ಜಾತಕ ಬರೆಯುವಾಗ ಸ್ಪೆಲಿಂಗ್ ಕೇಳಿದ್ದೇ ಇಲ್ಲ.

ಇನ್ನು, ಅಕ್ಷರ ಕೂಡಿಬರದಿದ್ದರೂ ದಾರಿ ಇದೆ. ಆರಿದ್ರೆಯ ಒಂದು ಪಾದಕ್ಕೆ ‘ಙ’ ಬರುತ್ತದೆ. ಆ ಅಕ್ಷರದಿಂದ ಯಾರಿಗೆ ಹೆಸರಿಡಲು ಆಗುತ್ತದೆ? ಅದಕ್ಕೇ ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇಡುವುದು. ನಿಮ್ಮ ಭಾವನಿಗೆ ಮನಸ್ಸಿಗೆ ಸಮಾಧಾನ ಬೇಕಿದ್ದರೆ ಆ ಸ್ಪೆಲಿಂಗನ್ನು ತೊಟ್ಟಿಲ ಮೇಲೆ ತೂಗುಹಾಕುವ ಅಲಂಕಾರದ ಬೋರ್ಡಿನಲ್ಲಿ ಬರೆಸಿ. ನೋಂದಣಿಯಲ್ಲಿ ಬೇಡ.

ಡಿಟಿಪಿ ಅಂಗಡಿ, ಗದಗ
ನಾನು ಹದಿನೆಂಟು ವರ್ಷದಿಂದ ಲಗ್ನಪತ್ರಿಕೆ, ನಾಮಕರಣದ ಕಾರ್ಡು ಟೈಪ್ ಮಾಡುತ್ತಿದ್ದೇನೆ. ಅಕ್ಕಾರ ತಮ್ಮನ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ‘ಳ’ವನ್ನು ಇಂಗ್ಲಿಷಿಗೆ ದಾಟಿಸೋಕೆ ದಾರಿಯೇ ಇಲ್ಲರೀ. ಕನ್ನಡ ಟೈಪ್ ಮಾಡೋ ನುಡಿ, ಬರಹ ತಂತ್ರಾಂಶ ಎರಡರಲ್ಲೂ ಶಿಫ್ಟ್ ಹಿಡಿದು ಎಲ್ ಒತ್ತಿದರೆ ‘ಳ’ ಬರುತ್ತದೆ. ಹಾಗಂತ ನಡುವೆ ಒಂದು ದೊಡ್ಡ ಎಲ್ ಹಾಕಿ ಹೆಸರು ಬರೆಯೋಣ ಅಂದರೆ, ಪಾಸ್‌ಪೋರ್ಟಿನಂಥ ಕಾಗದದಲ್ಲಿ ಹೆಸರು ಪೂರ್ತಿ ದೊಡ್ಡ ಅಕ್ಷರದಲ್ಲೇ ಅಚ್ಚಾಗುತ್ತದೆ. ಅಲ್ಲಿ ಆ ವ್ಯತ್ಯಾಸ ಅಳಿಸಿಹೋಯಿತು. ಪ್ರಮೀಳಾ, ಮಂಗಳಾ, ಮಾಳವಿಕಾ, ಇವರೆಲ್ಲರೂ ಒಂದೇ ಎಲ್ ಇಟ್ಟುಕೊಂಡು ಬದುಕುತ್ತಿದ್ದಾರೆ.

2014ರ ನವೆಂಬರ್ 1ರಂದು ಬೆಂಗಳೂರು, ಮಂಗಳೂರು, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಕನ್ನಡದವರು ಕರೆಯೋ ಹಾಗೆ ಕೇಳಿಸಲಿ ಅಂತ ಮಾಡಿದ್ದು. ಅದರಲ್ಲೂ ‘ಳ’ಕ್ಕೆ ಒಂದೇ ಎಲ್. ಇಡೀ ರಾಜ್ಯಕ್ಕೇ ಬೇರೆ ಹಾದಿ ಸಿಗಲಿಲ್ಲ.

ಇನ್ನೊಂದು ಸಂಗತಿ. ತ ಬರೆಯೋಕೆ ನಾವು ಟಿ ಮುಂದೆ ಎಚ್ ಹಾಕುತ್ತೇವೆ. ಗೀತಾ, ಲತಾ, ಸ್ವಾತಿ ಎಲ್ಲ ಹಾಗೇ. ಉತ್ತರದ ಕಡೆಯವರು ಹಾಕಲ್ಲ. ಅವರ ಕಣ್ಣಿಗೆ ನಮ್ಮ ಗೀತಾ ‘ಗೀಥಾ’ ಆಗಿ ಕಾಣುತ್ತಾಳೆ. ಅಂದರೆ ನಮಗೆ ಸಹಜ ಅನ್ನಿಸೋ ಸ್ಪೆಲಿಂಗೂ ಇನ್ನೊಬ್ಬರಿಗೆ ವಿಚಿತ್ರವೇ. ಅದಕ್ಕೆ ನಾನು ಗಿರಾಕಿಗಳಿಗೆ ಹೇಳೋದು: ಮೊದಲು ಕನ್ನಡದಲ್ಲಿ ಹೆಸರು ಬರೆದುಕೊಡ್ರಿ. ಇಂಗ್ಲಿಷ್ ಆಮೇಲೆ ನೋಡೋಣ.

ಆರ್.ಆರ್. ನಗರದ ಅಪ್ಪ
ನಾನು ಸಂಖ್ಯೆ ಗಿಂಖ್ಯೆ ನಂಬುವವನಲ್ಲ, ಆದರೂ ಬೇರೆ ಸ್ಪೆಲಿಂಗ್ ಪರವಾಗಿದ್ದೇನೆ. ನನ್ನ ಮಗಳ ಹೆಸರು ಅನನ್ಯ. ಅವಳ ಪ್ರೀ-ಸ್ಕೂಲಿನಲ್ಲಿ ನಾಲ್ಕು ಜನ ಅನನ್ಯ ಇದ್ದರು. ಟೀಚರ್ ‘ಅನನ್ಯ ಕೆ, ಅನನ್ಯ ಎಸ್’ ಅಂತ ಕರೆಯುತ್ತಿದ್ದರು. ಅನನ್ಯ ಅಂದರೆ ಬೇರೆ ಯಾರೂ ಇಲ್ಲದವಳು ಅಂತ ಅರ್ಥ ನೋಡಿ ಇಟ್ಟ ಹೆಸರು! ಎರಡನೇ ಮಗು ಹುಟ್ಟಿದಾಗ ಸ್ಪೆಲಿಂಗ್ ಆದರೂ ಬೇರೆ ಇರಲಿ ಅಂತ ಬದಲಾಯಿಸಿದೆವು. ಇ-ಮೇಲ್ ಐಡಿ ಸಲೀಸಾಗಿ ಸಿಕ್ಕಿತು. ಹುಡುಕಿದರೆ ಅವಳೊಬ್ಬಳೇ ಸಿಗುತ್ತಾಳೆ. ಮುಂದೆ ಅವಳಿಗೆ ಇದರಿಂದ ಅನುಕೂಲವೇ.

ಎರಡು ವೈ, ಬೆಂಗಳೂರು
ಅಣ್ಣ, ಇ-ಮೇಲ್ ಐಡಿ ಸಲೀಸಾಗಿ ಸಿಗುತ್ತೆ, ನಿಜ. ನನಗೂ ಸಿಕ್ಕಿತು. ಆದರೆ ಇ-ಮೇಲ್ ಕಳಿಸೋರು ಕಿವಿಯಿಂದ ಕೇಳಿ ಬರೆಯುತ್ತಾರೆ. ನನಗೆ ಬರಬೇಕಾದ ಪತ್ರಗಳು ಒಂದು ವೈ ಇರೋ ಯಾರೋ ದಿವ್ಯಾಳಿಗೆ ಹೋಗುತ್ತವೆ. ಫೋನಿನಲ್ಲಿ ನನ್ನ ಹೆಸರು ಹೇಳೋಕೆ ನನಗೆ ಅರ್ಧ ನಿಮಿಷ ಬೇಕು. ‘ಡಿ ಫಾರ್ ಡೆಲ್ಲಿ, ಎಚ್ ಫಾರ್ ಹಾಸನ’ ಅಂತ ಹೇಳುತ್ತಲೇ ಇರುತ್ತೇನೆ. ಇನ್ನೊಬ್ಬರು ದಿವ್ಯ ಇದ್ದರೆ ನನಗೆ ಬೇಜಾರಿಲ್ಲ. ನನ್ನ ಹೆಸರು ನಾನು ಒಂದೇ ಸಲಕ್ಕೆ ಹೇಳಿ ಮುಗಿಸಬೇಕು, ಅಷ್ಟೇ ಆಸೆ.

ಮಲೆನಾಡಿನ ಅತ್ತಿಗೆ, ತೀರ್ಥಹಳ್ಳಿ
ಅಪರೂಪದ ಹೆಸರು ಬೇರೆ, ಅಪರೂಪದ ಸ್ಪೆಲಿಂಗ್ ಬೇರೆ. ಇಲ್ಲಿ ಎರಡನ್ನೂ ಒಂದೇ ಮಾಡಿ ಮಾತಾಡುತ್ತಿದ್ದೀರಿ ಅನ್ನಿಸಿತು. ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರು ನೋಡಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಆ ಕಾಲಕ್ಕೆ ಅಂಥ ಹೆಸರು ಯಾರ ಮನೆಯಲ್ಲಿತ್ತು? ಆದರೂ ಕನ್ನಡ ಓದಲು ಬರುವ ಯಾರೇ ಆದರೂ ಮೊದಲ ಸಲಕ್ಕೇ ಸರಿಯಾಗಿ ಕರೆಯಬಹುದು. ಬಿಡದಿ ಹತ್ತಿರ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಹೈಕೋರ್ಟ್, ಕಾಫಿ, ಮೈಸೂರ್ ಪಾಕ್ ಅಂತೆಲ್ಲ ಹೆಸರಿಟ್ಟಿದ್ದಾರೆ. ಅದರಷ್ಟು ಅಪರೂಪದ ಹೆಸರು ಎಲ್ಲಿ ಸಿಗುತ್ತದೆ? ಬರೆಯುವವರು ಯಾರೂ ತಡವರಿಸುವುದಿಲ್ಲ.

ಇಳಾ ಅನ್ನುವುದೇ ಅಪರೂಪದ ಹೆಸರು. ನಮ್ಮ ಊರಿನಲ್ಲಿ ಒಬ್ಬಳೂ ಇಲ್ಲ. ಅದಕ್ಕೆ ಮೇಲೆ ಇನ್ನೇನು ಸೇರಿಸಬೇಕು?

ಒಂದನೇ ತರಗತಿ ಟೀಚರ್, ಎಚ್.ಡಿ. ಕೋಟೆ
ನಾನು ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ. ಮಕ್ಕಳು ಅಕ್ಷರ ಕಲಿತ ತಕ್ಷಣ ಬರೆಯುವುದು ತಮ್ಮ ಹೆಸರನ್ನೇ. ಹೋದ ವರ್ಷ ಒಬ್ಬ ಹುಡುಗಿ ಬಂದಳು. ಹೆಸರು ಋತ್ವಿ. ಅಮ್ಮ ಚೆನ್ನಾಗಿ ಕಲಿಸಿದ್ದರು. ಸ್ಲೇಟಿನ ಮೇಲೆ ‘ಋ’ ಬರೆಯುವಾಗ ನಾಲಿಗೆ ತುದಿ ಹೊರಗೆ ಬಂದಿರುತ್ತಿತ್ತು, ಅಷ್ಟು ಗಮನ ಕೊಟ್ಟು ಬರೆಯುತ್ತಿದ್ದಳು. ಆದರೆ ಅವಳ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಎರಡು ಎಚ್, ಎರಡು ಇ ಇತ್ತು. ಕಂಪ್ಯೂಟರ್ ಅದನ್ನು ತಾನೇ ಕನ್ನಡಕ್ಕೆ ತಿರುಗಿಸಿ ‘ರ್ಹುತ್ವೀ’ ಅಂತ ಮಾಡಿತ್ತು. ಹಾಜರಿಯಲ್ಲಿ ಅದೇ ಬಂತು.

ನಾನು ರಜೆಯಲ್ಲಿದ್ದಾಗ ಬೇರೆಯವರು ಹಾಜರಿ ಕರೆದರು. ಪುಸ್ತಕದಲ್ಲಿ ಇದ್ದ ಹಾಗೆ ಓದಿದರು. ಮೊದಲ ದಿನ ಎದ್ದು ನಿಂತು ‘ಋತ್ವಿ ಮಿಸ್’ ಅಂದಳಂತೆ. ಎರಡನೇ ದಿನವೂ ಅಂದಳಂತೆ. ಮೂರನೇ ದಿನದಿಂದ ತಿದ್ದಲಿಲ್ಲ. ಸುಮ್ಮನೆ ‘ಎಸ್ ಮಿಸ್’ ಅಂದು ಕೂತಳು. ನಾನು ವಾಪಸ್ ಬಂದು ಸರಿಯಾಗಿ ಕರೆದಾಗ ತಲೆಯೆತ್ತಿ ನೋಡಿದಳು. ಆ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ಆರು ವರ್ಷದ ಮಗು ತನ್ನ ಹೆಸರಿಗಾಗಿ ಎಷ್ಟು ಸಲ ಎದ್ದು ನಿಲ್ಲಬೇಕು?

ಮ್ಯೂನಿಕ್ ಕನ್ನಡಿಗ
ವಿದೇಶಕ್ಕೆ ಹೋಗಬೇಕಾದರೆ ಅನುಕೂಲ ಆಗಲಿ ಅಂತಲೂ ಕೆಲವರು ಸ್ಪೆಲಿಂಗ್ ಬದಲಾಯಿಸುತ್ತಾರೆ. ಯಾವ ದೇಶ ಅಂತ ಮೊದಲು ಕೇಳಿಕೊಳ್ಳಿ. ಜರ್ಮನಿಯಲ್ಲಿ ಜೆ ಅಕ್ಷರವನ್ನು ‘ಯ’ ಅಂತ ಓದುತ್ತಾರೆ, ವಿ ಅಕ್ಷರವನ್ನು ಬಹಳ ಕಡೆ ‘ಫ’ ಅಂತ. ನನ್ನ ಹೆಂಡತಿಯ ಹೆಸರು ವಿಜಯಾ. ಡಾಕ್ಟರ ಹತ್ತಿರ ಕಾಯುತ್ತಾ ಕೂತಾಗ ‘ಫಿಯಾಯಾ’ ಅಂತ ಕರೆದರೆ ಅದು ತಾನೇ ಅಂತ ತಿಳಿಯಲು ಅವಳಿಗೆ ಒಂದು ವರ್ಷ ಹಿಡಿಯಿತು.

ನಿಮ್ಮ ಭಾವನವರು ಹೇಳಿದ ಡಬಲ್ ಇ ಇಲ್ಲಿಯವರ ಬಾಯಲ್ಲಿ ಉದ್ದನೆಯ ‘ಏ’. ಮಗಳನ್ನು ‘ಏಲಾ’ ಅಂತ ಕರೆಯುತ್ತಾರೆ. ಅದೇ ಐ, ಎಲ್, ಎ ಬರೆದರೆ ‘ಇಲಾ’ ಅಂತಲೋ ‘ಈಲಾ’ ಅಂತಲೋ ಓದುತ್ತಾರೆ. ‘ಳ’ ಹೇಗೂ ಬರುವುದಿಲ್ಲ, ‘ಇ’ ಆದರೂ ಉಳಿಯುತ್ತದೆ.

ಬೆಳಗಾವಿ ಕಾಕಾ
ಹಾಸನದ ತಮ್ಮನ ಮಾತು ಓದಿ ನಮ್ಮ ಅಜ್ಜನ ನೆನಪಾಯಿತು. ಅವನ ಹೆಸರು ತಿಪ್ಪಣ್ಣ. ಅವನಿಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿಯಲಿಲ್ಲ. ನಾಲ್ಕನೆಯವನನ್ನು ಮುತ್ತಜ್ಜಿ ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪಣ್ಣ ಅಂತ ಕರೆದಳು. ತಿಪ್ಪೆಯ ಕೂಸನ್ನು ಸಾವು ಮುಟ್ಟುವುದಿಲ್ಲ ಅಂತ ನಂಬಿಕೆ. ಅಜ್ಜ ಎಂಬತ್ತು ದಾಟಿ ಬದುಕಿದ. ಹೆತ್ತವರ ಹೆದರಿಕೆ ಇವತ್ತು ನಿನ್ನೆಯದಲ್ಲ ತಮ್ಮಾ. ಆ ಒಂದು ಎ ಇಟ್ಟುಕೋ, ಯಾರೂ ನಗಬಾರದು. ಆದರೆ ನಮ್ಮ ಮುತ್ತಜ್ಜಿ ಹೆದರಿಕೆಯಿಂದ ಇಟ್ಟ ಹೆಸರನ್ನೂ ಊರೆಲ್ಲ ಸಲೀಸಾಗಿ ಕರೆಯುತ್ತಿತ್ತು, ಅದನ್ನೂ ನೋಡು.

ನಮ್ಮ ಕಡೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂತ ಹೇಳಿ ಹೆಸರು ಹೇಳುತ್ತಾಳೆ. ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಹೊತ್ತಿಗೆ ಯಾರ ಕೈಯಲ್ಲೂ ಕಾಗದ ಇರುವುದಿಲ್ಲ. ಹೆಸರು ಬಾಯಿಂದ ಕಿವಿಗೆ ಹೋಗುತ್ತದೆ.

ಯಡಿಯೂರಪ್ಪನವರ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ 2007ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಮೊದಲಿನ ಹಾಗೆ ಆಯಿತು. ಆ ಹನ್ನೆರಡು ವರ್ಷ ಕನ್ನಡ ಪೇಪರ್ ಓದುವ ನಮಗೆ ಒಂದಕ್ಷರವೂ ಹೆಚ್ಚು ಕಡಿಮೆ ಆಗಲಿಲ್ಲ. ಹೆಸರು ಇರುವುದು ಎಲ್ಲಿ ಅಂತ ನನಗೆ ಅವಾಗ ತಿಳಿಯಿತು.

ಹಾಸನದ ಅಪ್ಪ
ಕಾಕಾ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ನನ್ನ ಮಗನ ಎ ಇರುತ್ತೆ, ಅದು ನಮ್ಮ ಮನೆಯ ವಿಷಯ. ಆದರೆ ಟೀಚರ್ ಬರೆದದ್ದು ಓದಿ ಒಂದು ಕೆಲಸ ಮಾಡಿ ಬಂದೆ. ಮಗನ ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರು ಹೇಗಿದೆ ಅಂತ ನೋಡಿದೆ. ಕೊನೆಗೆ ಬೇಡದ ದೀರ್ಘ ಇತ್ತು. ತಿದ್ದಲು ಅರ್ಜಿ ಕೊಟ್ಟಿದ್ದೇನೆ.

ಆರ್.ಆರ್. ನಗರದ ಅಪ್ಪ
ನಾನು ಇನ್ನೂ ಒಪ್ಪಿಲ್ಲ. ಎಲ್ಲ ದಾಖಲೆಯಲ್ಲೂ ಒಂದೇ ಥರ ಇಟ್ಟುಕೊಂಡರೆ ಸ್ಪೆಲಿಂಗ್ ಯಾವುದಾದರೂ ನಡೆಯುತ್ತೆ. ಐ, ಎಲ್, ಎ ಬರೆದರೆ ಇನ್ನೊಂದು ತೊಂದರೆಯೂ ಇದೆ, ಯಾರೂ ಹೇಳಲಿಲ್ಲ. ದೊಡ್ಡ ಐ, ಸಣ್ಣ ಎಲ್ ಎರಡೂ ಕಂಪ್ಯೂಟರಿನಲ್ಲಿ ಒಂದೇ ಕಡ್ಡಿಯ ಹಾಗೆ ಕಾಣುತ್ತವೆ. ಎರಡು ಎಲ್ ಇದೆಯೋ ಏನೋ ಅಂತ ಓದುವವರು ಗೊಂದಲ ಆಗುತ್ತಾರೆ.

ಸೈಬರ್ ಸೆಂಟರ್, ಅರಸೀಕೆರೆ
ಅಣ್ಣ ಹೇಳಿದ್ದು ಸರಿ, ಆ ತೊಂದರೆ ಇದೆ. ಫಾರಂ ತುಂಬುವಾಗ ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆದರೆ ಗೊಂದಲ ಆಗಲ್ಲ. ಕೊನೆಗೆ ಇನ್ನೊಂದು ಎ ಬೇಕಾದರೆ ಹಾಕಿ, ದೀರ್ಘ ಇದೆ ಅಂತ ಗೊತ್ತಾಗುತ್ತೆ, ಓದೋಕೂ ಕಷ್ಟ ಇಲ್ಲ. ಅಕ್ಕ, ಯಾವುದೇ ಬರೆಸಿ, ಸಹಿ ಹಾಕೋ ಮುಂಚೆ ಕನ್ನಡದ ಹೆಸರು ಓದಿ. ಹೆಚ್ಚಿನವರು ಇಂಗ್ಲಿಷ್ ಮಾತ್ರ ನೋಡಿ ಸಹಿ ಹಾಕಿಬಿಡುತ್ತಾರೆ. ಟೀಚರ್ ಹೇಳಿದ ಹಾಗೆ ಕಂಪ್ಯೂಟರ್ ತಾನೇ ತಿರುಗಿಸಿಕೊಂಡಿರುತ್ತೆ. ‘ಳ’ ಹೋಗಿ ‘ಲ’ ಆಗಿರೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೊಸ ಅಮ್ಮ, ಮೈಸೂರು
ಎಲ್ಲರಿಗೂ ತುಂಬಾ ಧನ್ಯವಾದ. ಆರು ದಿನದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ನಾಮಕರಣ ಆಯಿತು. ಅತ್ತೆ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆಸಿದರು. ನಮ್ಮ ಯಜಮಾನರ ಕೈ ಹಿಡಿದು ‘ಳ’ದ ಸುತ್ತು ತಾವೇ ತಿರುಗಿಸಿದರು. ಭಾವ ಪಕ್ಕದಲ್ಲೇ ನಿಂತಿದ್ದರು. ಹೊನ್ನಾವರದವರು ನಕ್ಷತ್ರದ ಬಗ್ಗೆ ಹೇಳಿದ್ದನ್ನು ಅವರಿಗೆ ಓದಿ ಹೇಳಿದೆ. ‘ಇ ಅಂತ ಉಚ್ಚಾರ ಬಂದರೆ ಸಾಕಂತಾ?’ ಅಂತ ಎರಡು ಸಲ ಕೇಳಿದರು. ಪೂರ್ತಿ ಒಪ್ಪಿದರೋ ಇಲ್ಲವೋ, ಬೇಡ ಅನ್ನಲಿಲ್ಲ. ಅವರ ಸಮಾಧಾನಕ್ಕೆ ಬೆಳ್ಳಿ ಲೋಟದ ಮೇಲೆ ಅವರು ತಂದ ಸ್ಪೆಲಿಂಗನ್ನೇ ಕೆತ್ತಿಸಿದ್ದೇವೆ.

ನಿನ್ನೆ ಫಾರಂ ಕೊಡೋಕೆ ಹೋಗಿದ್ದೆವು. ಐ, ಎಲ್, ಎ ಅಂತಲೇ ಬರೆಸಿದೆವು. ಅವರು ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ ಅಂತ ಕೊಟ್ಟರು. ಅರಸೀಕೆರೆಯ ತಮ್ಮನ ಮಾತು ನೆನಪಾಗಿ ಕನ್ನಡದ ಸಾಲು ನೋಡಿದೆ. ‘ಇಲಾ’ ಅಂತ ಇತ್ತು. ಪೆನ್ನು ಕೆಳಗಿಟ್ಟು, ‘ಇದು ನನ್ನ ಮಗಳ ಹೆಸರಲ್ಲ, ಳ ಬರಬೇಕು’ ಅಂದೆ. ಅವರು ಬೇಸರ ಮಾಡಿಕೊಳ್ಳದೆ ಮತ್ತೆ ಟೈಪ್ ಮಾಡಿದರು. ಎರಡನೇ ಪ್ರಿಂಟಿನಲ್ಲಿ ಸರಿಯಾಗಿ ಬಂತು. ಮಗು ನನ್ನ ಹೆಗಲ ಮೇಲೆ ಮಲಗಿತ್ತು. ಇನ್ನೊಂದು ಸಲ ಓದಿ ಸಹಿ ಹಾಕಿದೆ.